ಕುತ್ತಿಗೆಯ ಹಿಂದಿನ ಹೆಸರು

ನಮ್ಮೂರಿನಲ್ಲಿ ಬಟ್ಟೆ ಕೊಳ್ಳುವವರು ಮೊದಲು ಬಣ್ಣ ನೋಡುವುದಿಲ್ಲ, ಕುತ್ತಿಗೆಯ ಹಿಂಭಾಗ ತಿರುಗಿಸಿ ಲೇಬಲ್ ನೋಡುತ್ತಾರೆ. ಎಲ್ಲ ಊರಿನಲ್ಲೂ ನೋಡುತ್ತಾರೆ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಇದೆ. ಹೊಳೆಯ ಆಚೆ ದಡದಲ್ಲಿ ಆ ಲೇಬಲ್ಲಿನ ಮೇಲೆ ಯಾವುದೋ ದೊಡ್ಡ ಡಿಸೈನರ್ ಹೆಸರಿರುತ್ತದೆ. ಬಸ್ಸು ಸೇತುವೆ ದಾಟಿ ನಮ್ಮ ಕಡೆಗೆ ಬಂತೆಂದರೆ ಆ ಹೆಸರು ಹೋಗಿ, ಹೊಲಿದವರ ಹೆಸರು ಬಂದು ಕೂತಿರುತ್ತದೆ. ತಿರುಗಿ ಸೇತುವೆ ದಾಟಿಸಿದರೆ ಮತ್ತೆ ಡಿಸೈನರ್ ಹೆಸರೇ. ನಮ್ಮಜ್ಜಿಯ ಕಾಲದಿಂದಲೂ ಹೀಗೇ ನಡೆದುಕೊಂಡು ಬಂದಿದೆ, ನಾವು ಯಾರೂ ಇದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ.

ನನ್ನ ಹೆಸರು ಕಾತ್ಯಾಯಿನಿ. ಸೇತುವೆ ಬೀದಿಯಲ್ಲಿರುವ ಹನ್ನೊಂದು ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗಳಲ್ಲಿ ನನ್ನದೇ ಮೇಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಉಳಿದ ಹತ್ತು ಜನವೂ ಒಪ್ಪುತ್ತಾರೆ, ಒಪ್ಪುವಾಗ ಸ್ವಲ್ಪ ಮುಖ ಸಿಂಡರಿಸುತ್ತಾರೆ ಅಷ್ಟೆ. ತಿಂಗಳಿಗೊಮ್ಮೆ ಹೊಳೆಯಾಚೆಯ ನಗರಕ್ಕೆ ಹೋಗುತ್ತೇನೆ. ಒಂದೇ ಸಲ ತೊಟ್ಟು ಬೇಜಾರಾದ ದೊಡ್ಡ ಮನೆಯ ಹೆಂಗಸರ ಬೀರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಆರಿಸುತ್ತೇನೆ. ಕಂಕುಳ ಹತ್ತಿರ ಮೂಸುತ್ತೇನೆ, ಗುಂಡಿಗಳನ್ನು ಒಂದೊಂದಾಗಿ ತಿರುಚಿ ನೋಡುತ್ತೇನೆ, ಜಿಪ್ಪನ್ನು ಮೂರು ಸಲ ಎಳೆಯುತ್ತೇನೆ. ಆ ದಡದಲ್ಲಿ ಡಿಸೈನರ್ ಹೆಸರಷ್ಟೇ ಕಾಣುವುದರಿಂದ, ಇದು ಸೇತುವೆ ದಾಟಿದ ಮೇಲೆ ಯಾರದಾಗುತ್ತದೆ ಎಂದು ಊಹಿಸುವುದೇ ನಮ್ಮ ಕಸುಬು. ಬೇರೆಯವರು ಹತ್ತರಲ್ಲಿ ನಾಲ್ಕನ್ನು ಸರಿಯಾಗಿ ಹೇಳಿದರೆ ಹೆಚ್ಚು. ನಾನು ಒಂಬತ್ತು ಹೇಳುತ್ತೇನೆ. ಹೇಗೆ ಎಂದು ಕೇಳಿದವರಿಗೆಲ್ಲ "ಕಾಲರ್ ನೋಡಿ ಗೊತ್ತಾಗತ್ತೆ" ಎನ್ನುತ್ತಿದ್ದೆ, ನಾನೂ ಹಾಗೇ ನಂಬಿದ್ದೆ.

ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಹೊಂಬಾಳಮ್ಮನದು. ಕೋಟು, ಗೌನು, ಜಾಕೆಟ್ಟು, ಗಂಡಸರ ಶೇರ್ವಾನಿ, ಯಾವುದಾದರೂ ಸರಿ, ಭಾರಿ ಬೆಲೆಯ ಬಟ್ಟೆ ಸೇತುವೆ ದಾಟಿದರೆ ನಾಲ್ಕರಲ್ಲಿ ಒಂದರ ಮೇಲೆ "ಹೊಂಬಾಳಮ್ಮ" ಎಂದು ಬರುತ್ತಿತ್ತು. ಒಬ್ಬಳೇ ಹೆಂಗಸು ಇಷ್ಟೆಲ್ಲ ಬಗೆಯದನ್ನು ಹೊಲಿಯುತ್ತಾಳಲ್ಲ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಭುಜ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ ಎಂದು ನಾನು ಹೇಳಿದೆ, ಊರೆಲ್ಲ ಅದನ್ನೇ ಹೇಳಿತು. ಹೆಣ್ಣು ನೋಡಲು ಬಂದವರು "ಮನೇಲಿ ಎಷ್ಟು ಹೊಂಬಾಳಮ್ಮ ಇದಾವೆ?" ಎಂದು ನಾಚಿಕೆಯಿಲ್ಲದೆ ಕೇಳುತ್ತಿದ್ದರು. ಓದಲು ಬಾರದ ಲಿಪಿಯ ಹೆಸರುಗಳೂ ಬರುತ್ತಿದ್ದವು. ಅವನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿ ಸಸ್ತಾದಲ್ಲಿ ಮಾರುತ್ತಿದ್ದೆವು.

ಇನ್ನೊಂದು ಕಟ್ಟಳೆ ಹೇಳಿಬಿಡಬೇಕು. ನಮ್ಮೂರಿನಲ್ಲಿ ಯಾರೂ ಬಟ್ಟೆಯ ಹೊಲಿಗೆ ಬಿಚ್ಚುವುದಿಲ್ಲ. ಹೆಸರು ಹಾಕಿ ಹೊಲಿದವರ ಕೆಲಸಕ್ಕೆ ಇನ್ನೊಬ್ಬರು ಬ್ಲೇಡು ತಾಗಿಸುವುದು ನಮ್ಮಲ್ಲಿ ಭಾರಿ ತಪ್ಪು. ಹಾಗಾಗಿ ಊರಿನಲ್ಲಿ ಟೈಲರ್ ಎಂಬುವರೇ ಇಲ್ಲ. ಹರಿದರೆ ಮೇಲಿನಿಂದ ತೇಪೆ ಹಾಕುತ್ತೇವೆ, ತೀರಾ ಚಿಂದಿಯಾದರೆ ಮಡಿಸಿ ಹೊಳೆಗೆ ಬಿಡುತ್ತೇವೆ. ಬಿಗಿಯಾದರೆ ತೊಡುವವರು ಒಂದು ಹೊತ್ತು ಊಟ ಬಿಡುತ್ತಾರೆ, ಸಡಿಲವಾದರೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಮದುವೆಯ ಕಾಲದಲ್ಲಿ ಅರ್ಧ ಊರು ಉಪವಾಸ, ಇನ್ನರ್ಧ ಊರಿಗೆ ಹಬ್ಬ.

ಆ ವರ್ಷ ನನ್ನ ಅಂಗಡಿಗೆ ಒಂದು ದಂತದ ಬಣ್ಣದ ಉದ್ದ ಕೋಟು ಬಂತು. ಒಳಗೆ ರೇಷ್ಮೆಯ ಲೈನಿಂಗು, ಹೊರಗೆ ಒಂದು ಗೆರೆಯೂ ಎದ್ದು ಕಾಣದಂಥ ಹೊಲಿಗೆ. ಸೇತುವೆ ದಾಟುವಾಗ ಬಸ್ಸಿನಲ್ಲೇ ತಿರುಗಿಸಿ ನೋಡಿದೆ, ಹೊಂಬಾಳಮ್ಮ. ಬೇಕರಿಯ ಗಿರಿಜಾಂಬ ಅದನ್ನು ನೋಡಿದವರೇ ಮಗಳು ಹಂಸಳ ಆರತಕ್ಷತೆಗೆ ಇದೇ ಆಗಬೇಕೆಂದು ಹಟ ಹಿಡಿದರು. ಗಿರಿಜಾಂಬ ಒಂದು ಬಟ್ಟೆ ಕೊಂಡರೆ ಊರೇ ಆ ಅಂಗಡಿಗೆ ಬರುತ್ತದೆ, ಅವರು ಒಂದು ಅಂಗಡಿಯಿಂದ ಸಿಟ್ಟು ಮಾಡಿಕೊಂಡು ಇಳಿದರೆ ಆ ಮೆಟ್ಟಿಲನ್ನು ಮತ್ತೆ ಯಾರೂ ಹತ್ತುವುದಿಲ್ಲ. ತೊಂದರೆ ಇಷ್ಟೇ, ಕೋಟಿನ ಭುಜ ಹಂಸಳಿಗೆ ಎರಡು ಬೆರಳು ಸಡಿಲ. ತಾಯಿ ಎರಡು ತಿಂಗಳು ಮಗಳಿಗೆ ಬೆಣ್ಣೆ ಬನ್ನು ತಿನ್ನಿಸಿದರು. ಬನ್ನು ಹೊಟ್ಟೆಗೆ ಹೋಯಿತೇ ಹೊರತು ಭುಜಕ್ಕೆ ಹೋಗಲಿಲ್ಲ. ಆರತಕ್ಷತೆಗೆ ಎಂಟು ದಿನ ಉಳಿದಿತ್ತು.

ಆ ಶನಿವಾರ ಬೆಳಿಗ್ಗೆ ಹನ್ನೊಂದರ ಬಸ್ಸಿಳಿದು ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲ ಬಳಿ ನಿಂತಳು. ಐವತ್ತರ ಆಚೀಚೆ ವಯಸ್ಸು, ಕೈಯಲ್ಲೊಂದು ಪ್ಲಾಸ್ಟಿಕ್ ವೈರಿನ ಬುಟ್ಟಿ, ಬಲಗೈ ತೋರುಬೆರಳಿನ ಉಗುರು ಸೂಜಿ ತಾಗಿ ಸೀಳಿ ಹಾಗೇ ಬೆಳೆದಿತ್ತು.

"ಅಕ್ಕಾ, ಈ ಊರಲ್ಲಿ ಟೈಲರ್ ಅಂಗ್ಡಿ ಎಲ್ಲೈತೆ? ಬೀದಿ ತುಂಬ ಬಟ್ಟೆ ಐತೆ, ಒಂದ್ ಮಿಷನ್ನೂ ಕಾಣಾಕಿಲ್ಲ."

"ಇಲ್ಲಿ ಟೈಲರ್ ಇಲ್ಲಮ್ಮ. ಏನಾಗಬೇಕಿತ್ತು ನಿಂಗೆ?"

"ನಮ್ ಗಾರ್ಮೆಂಟ್ಸ್ ಮುಚ್ಚೋಯ್ತು. ತಂಗಿ ಮಗಳ್ನ ಈ ಊರ್ಗೇ ಕೊಟ್ಟಿರೋದು, ಬಾ ದೊಡ್ಡಮ್ಮ ಅಂದ್ಲು. ಸುಮ್ಕೆ ಕೂತ್ಕಂಡು ಉಣ್ಣಕ್ಕಾಯ್ತದಾ? ಏನಾರ ಕೆಲ್ಸ ಸಿಕ್ರೆ ಅಂತ."

"ಹೆಸರೇನು?"

"ಹೊಂಬಾಳಮ್ಮ."

ನನ್ನ ಕೈಯಲ್ಲಿದ್ದ ಹ್ಯಾಂಗರ್ ನೆಲಕ್ಕೆ ಬಿತ್ತು. ಗಾಜಿನ ಬೀರು ತೆಗೆದು ದಂತದ ಬಣ್ಣದ ಕೋಟನ್ನು ಅವಳ ಮುಂದೆ ಹಿಡಿದೆ. ಅವಳು ಲೇಬಲ್ ನೋಡಿ ಹೆದರಿದಂತೆ ಹಿಂದೆ ಸರಿದಳು. "ಅಯ್ಯೋ ಶಿವನೇ, ನನ್ ಹೆಸ್ರು ಇಲ್ಯಾಕ್ ಬಂತು? ಈ ಆರ್ಡರು ನಮ್ ಬ್ಯಾಚಿಂದೇ, ಇದು ನಂಗೆ ಗುರ್ತೈತೆ. ಆದ್ರೆ ಅಕ್ಕಾ..." ಅವಳ 'ಆದ್ರೆ' ಮುಗಿಯುವ ಹೊತ್ತಿಗೆ ನಾನು ಬೀದಿಯ ಮಧ್ಯೆ ನಿಂತು ಕೂಗುತ್ತಿದ್ದೆ.

ಆಮೇಲಿನದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಹತ್ತು ಅಂಗಡಿಯವರೂ ಬಾಗಿಲು ಹಾಕಿಕೊಂಡು ಓಡಿ ಬಂದರು. ಯಾರೋ ಮಲ್ಲಿಗೆ ಹಾರ ತಂದರು. ನನ್ನ ಗಲ್ಲಾದ ಕುರ್ಚಿಯಲ್ಲೇ ಅವರನ್ನು ಕೂರಿಸಿದೆ. ಹೌದು, ಅಷ್ಟು ಹೊತ್ತಿಗೆ ಅವಳು 'ಅವರು' ಆಗಿದ್ದರು, 'ಬಾಮ್ಮ' ಹೋಗಿ 'ಬನ್ನಿ' ಆಗಿತ್ತು. ಜನ ತಮ್ಮ ತಮ್ಮ ಮನೆಯ ಹೊಂಬಾಳಮ್ಮಗಳನ್ನು ಹೊತ್ತು ತಂದು ಮುಟ್ಟಿಸಿಕೊಂಡು ಹೋದರು. ಅವರು ಪ್ರತಿಯೊಂದನ್ನೂ ತಿರುಗಿಸಿ, ಲೇಬಲ್ಲಿನ ಮೇಲೆ ಹೆಬ್ಬೆರಳಾಡಿಸಿ, ತಲೆಯಾಡಿಸಿ ವಾಪಸು ಕೊಡುತ್ತಿದ್ದರು. ಮಧ್ಯೆ ಮಧ್ಯೆ "ಅಕ್ಕಾ, ನಾನೊಂದ್ ಮಾತ್ ಹೇಳ್ಬೇಕಿತ್ತು" ಎಂದರು. ನಾನು "ಆಮೇಲೆ, ಆಮೇಲೆ" ಎಂದೆ. ಸಂಜೆಯೊಳಗೆ ನನ್ನ ಅಂಗಡಿಯ ಮುಂದೆ 'ಹೊಂಬಾಳಮ್ಮನವರು ಇಲ್ಲಿಯೇ ಇದ್ದಾರೆ' ಎಂಬ ಬೋರ್ಡು ನೇತಾಡುತ್ತಿತ್ತು.

ಗಿರಿಜಾಂಬ ಬಂದವರೇ ಒಂದು ಡಬ್ಬಿ ದಿಲ್‌ಪಸಂದ್ ಅವರ ಮುಂದಿಟ್ಟು ಕೈ ಮುಗಿದರು. "ಬೇರೆಯವರು ಬಿಚ್ಚಬಾರ್ದು ಅಂತ ಸುಮ್ನಿದ್ವಿ. ನೀವೇ ಹೊಲ್ದಿದ್ದನ್ನ ನೀವೇ ಬಿಚ್ಚಿದ್ರೆ ಯಾವ ದೋಷಾನೂ ಇಲ್ಲ. ಮಗಳ ಭುಜಕ್ಕೆ ಎರಡು ಬೆರಳು ಹಿಡ್ದು ಕೊಟ್ಬಿಡಿ ತಾಯಿ. ಗುರುವಾರ ಅಳತೆ ನೋಡಕ್ಕೆ ಬರ್ತೀವಿ."

ನಗರದಿಂದ ಬಸ್ಸಿನ ಮೇಲೆ ಹಾಕಿಸಿ ಹೊಲಿಗೆ ಮಿಷನ್ ತರಿಸಿದೆ. ನಮ್ಮೂರಿಗೆ ಬಂದ ಮೊದಲನೇ ಮಿಷನ್ ಅದು. ಸೋಮವಾರ ಹೊಂಬಾಳಮ್ಮ ಅದರ ಮುಂದೆ ಕೂತು ಎಣ್ಣೆ ಬಿಟ್ಟರು. ಮಂಗಳವಾರ ಒರೆಸಿದರು. ಬುಧವಾರ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ದೊಡ್ಡ ಕೆಲಸಗಾರರು ಹೀಗೇ, ಕೈ ಹಾಕುವ ಮೊದಲು ಧ್ಯಾನ ಮಾಡುತ್ತಾರೆ ಎಂದು ನಾನು ಬಂದ ಗಿರಾಕಿಗಳಿಗೆ ಪಿಸುಗುಟ್ಟಿದೆ.

ಗುರುವಾರ ಮಧ್ಯಾಹ್ನ, ಗಿರಿಜಾಂಬ ಬರಲು ಒಂದು ಗಂಟೆ ಇರುವಾಗ, ಅವರು ಎದ್ದು ಬಂದು ನನ್ನ ಎದುರು ನಿಂತರು.

"ಅಕ್ಕಾ, ಇವತ್ತಾದ್ರೂ ಕೇಳಿಸ್ಕೋ. ನಂಗೆ ಭುಜ ಹೊಲಿಯಕ್ಕೆ ಬರಾಕಿಲ್ಲ."

"ಏನಂದ್ರಿ?"

"ನಾನ್ ಹೊಲೀತಿದ್ದಿದ್ದು ಲೇಬಲ್ಲು. ಇಪ್ಪತ್ತೆರಡ್ ವರ್ಷ ಅದೊಂದೇ. ನಾಕ್ ಮೂಲೆ, ನಾಕ್ ಗೆರೆ, ಆ ಕಡೆ ದೂಡು. ನಾಕ್ ಮೂಲೆ, ನಾಕ್ ಗೆರೆ, ದೂಡು. ಕೋಟು ಹೆಂಗ್ ಶುರುವಾಯ್ತದೆ ಅನ್ನೋದೂ ನಂಗೊತ್ತಿಲ್ಲ. ನನ್ ಮುಂದಕ್ ಬಂದಾಗ ಅದು ಆಗ್ಲೇ ಕೋಟಾಗಿರದು."

ನಾನು ಕುಕ್ಕರಿಸಿ ಕೂತೆ. ನನ್ನ ಇಪ್ಪತ್ತು ವರ್ಷದ ಮಾತು, ಹೊಂಬಾಳಮ್ಮನ ಭುಜ, ಹೊಂಬಾಳಮ್ಮನ ಕಾಲರ್, ಎಲ್ಲವೂ ಕಣ್ಣ ಮುಂದೆ ಬಂತು. ನಾನು ಆ ದಡದಲ್ಲಿ ಕೂತು ಸರಿಯಾಗಿ ಊಹಿಸುತ್ತಿದ್ದೆನಲ್ಲ, ಅದು ಕಾಲರ್ ನೋಡಿ ಅಲ್ಲವೇ ಅಲ್ಲ. ಲೇಬಲ್ಲಿನ ನಾಲ್ಕು ಮೂಲೆಗಳನ್ನು ನೋಡಿ. ಅಷ್ಟು ನೆಟ್ಟಗೆ, ಒಂದು ನೂಲೂ ಆಚೀಚೆ ಹೋಗದ ಹಾಗೆ ತಿರುಗಿದ ಆ ಮೂಲೆಗಳು ನನ್ನ ಕಣ್ಣಿಗೆ ಬೀಳುತ್ತಿದ್ದವು, ನಾನು ಅದನ್ನು ಕಾಲರಿಗೆ ಹಚ್ಚಿ ಬೀಗುತ್ತಿದ್ದೆ.

ಆಗ ನಾನು ಆಡಿದ ಮಾತು ಒಳ್ಳೆಯದಲ್ಲ, ಆದರೂ ಹೇಳುತ್ತೇನೆ. "ಬಾಯಿ ಮುಚ್ಕೊಂಡಿರು," ಎಂದೆ. 'ನೀವು' ಅರೆಗಳಿಗೆಯಲ್ಲಿ ಹಾರಿಹೋಗಿತ್ತು. "ಯಾರಿಗೂ ಹೇಳ್ಬೇಡ. ನಾನೇ ಈ ಕೋಟನ್ನ ನಗರಕ್ಕೆ ತಗೊಂಡು ಹೋಗಿ ಟೈಲರ್ ಹತ್ರ ಮಾಡಿಸ್ಕೊಂಡು ಬರ್ತೀನಿ. ನೀನು ಮಾಡಿದ್ದು ಅಂತ ಹೇಳಣ. ನಿಂಗೂ ಒಳ್ಳೇದು, ನಂಗೂ ಒಳ್ಳೇದು."

ಅವಳಿಗೆ ಸಿಟ್ಟು ಬಂತು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಏರಿತು. "ಲೇಬಲ್ ಹೊಲ್ದೆ ಅನ್ನಕ್ಕೆ ನಂಗೇನ್ ನಾಚ್ಕೆ ಇಲ್ಲ ಕನಕ್ಕಾ. ನನ್ ಕೆಲ್ಸ ನಾನ್ ನೆಟ್ಟಗ್ ಮಾಡಿವ್ನಿ. ನಂಗೆ ನಿದ್ದೆ ಬರ್ದೇ ಇರೋದು ಅದ್ಕಲ್ಲ. ಈ ಭುಜ ಕೂರ್ಸಿದ್ದು ದುಗ್ಗಮ್ಮ. ಬಗ್ಗಿ ಬಗ್ಗಿ ಅವ್ಳ ಕತ್ತು ಒಂದ್ ಕಡೀಕೆ ವಾಲ್ಕಂಡೈತೆ. ಅವ್ಳ ಹಾರಾನ ನಾನ್ ಹಾಕಿಸ್ಕಂಡೆ. ಆ ದಿಲ್‌ಪಸಂದು ಗಂಟಲಲ್ ಇಳೀಲಿಲ್ಲ." ಬುಟ್ಟಿ ಎತ್ತಿಕೊಂಡಳು. "ಆ ಬೇಕ್ರಿ ಅಮ್ಮಂಗೂ ಹೇಳ್ಬಿಟ್ಟು ನಾಕ್ ಗಂಟೆ ಬಸ್ಸಿಗೆ ಹೋಯ್ತಿನಿ."

ನಾನು ಏನಾದರೂ ಹೇಳುವ ಮೊದಲೇ ಗಿರಿಜಾಂಬ ಮಗಳ ಜೊತೆ ಮೆಟ್ಟಿಲು ಹತ್ತಿದರು, ಬೀದಿಯ ಜನವೂ ಹಿಂದೆಯೇ ಬಂದು ಬಾಗಿಲಲ್ಲಿ ತುಂಬಿಕೊಂಡರು. ಹೊಂಬಾಳಮ್ಮ ಬುಟ್ಟಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ. ಕಾಲರ್ ಹಸೀನಾದು, ಜೇಬು ಸೆಲ್ವಿದು, ತೋಳು ಮತ್ತು ಭುಜ ದುಗ್ಗಮ್ಮನದು, ಬೆನ್ನಿನ ಗೆರೆ ಚೌಡಮ್ಮನದು, ಗುಂಡಿ ಕಾಜಾ ಭಾರತಿದು ಎಂದು ಕೋಟಿನ ಮೇಲೆ ಬೆರಳಿಟ್ಟು ತೋರಿಸಿದಳು. "ನಾನ್ ಕಟ್ಟಕಡೀಲಿ ಕೂರ್ತಿದ್ದೋಳು. ಎಲ್ರ ಬೆನ್ನೂ ನಂಗೆ ಕಾಣ್ತಿತ್ತು, ಅದ್ಕೇ ಎಲ್ರ ಕೆಲ್ಸಾನೂ ಗೊತ್ತು."

ಗಿರಿಜಾಂಬನವರ ಮುಖ ಕೆಂಪಾಯಿತು. "ಅಂದ್ರೆ ನಮ್ಮನೆ ಬೀರು ತುಂಬ ಇರೋದು ಲೇಬಲ್ ಹೊಲಿಯೋಳ ಹೆಸರಾ? ಕಾತ್ಯಾಯಿನಿ, ಭುಜ ಭುಜ ಅಂತ ನಮ್ಮ ಕಿವಿ ಮೇಲೆ ಹೂ ಇಟ್ಯಲ್ಲ ಇಷ್ಟು ವರ್ಷ! ಈಯಮ್ಮ ಹೇಳೋ ಹೆಸರುಗಳಾದ್ರೂ ನಿಜ ಅಂತ ಯಾವ ಗ್ಯಾರಂಟಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹತ್ತು ಅಂಗಡಿಯವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಒಂದಿಷ್ಟೂ ಇರಲಿಲ್ಲ. ಹೊಂಬಾಳಮ್ಮ ಒಬ್ಬಳೇ ಯಾರ ಮುಖವನ್ನೂ ನೋಡದೆ ಕೋಟಿನ ಆ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಗೆಳತಿಯ ಭುಜದ ಮೇಲೆ ಕೈಯಿಟ್ಟ ಹಾಗೆ. ನನ್ನ ಕಣ್ಣು ಲೇಬಲ್ಲಿನ ಮೂಲೆಯನ್ನು ಗುರುತಿಸಬಲ್ಲುದಾದರೆ, ಇವಳ ಕಣ್ಣು ಸುಳ್ಳು ಹೇಳುತ್ತಿಲ್ಲ ಎಂದೂ ಗುರುತಿಸಬಲ್ಲುದು. ಆ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ.

"ಗ್ಯಾರಂಟಿ ನಾನು ಕೊಡ್ತೀನಿ," ಎಂದೆ. "ನಮ್ಮೂರಲ್ಲಿ ಹೊಲಿದವರ ಹೆಸರು ಬರತ್ತೆ ಅಂತ ತಾನೇ? ಲೇಬಲ್ ಹೊಲಿದೋಳ ಹೆಸರು ಲೇಬಲ್ ಮೇಲೆ ಬಂದಿದೆ. ಹಾಗಾದ್ರೆ ಭುಜ ಹೊಲಿದೋಳ ಹೆಸರು ಎಲ್ಲಿಗೆ ಹೋಗತ್ತೆ? ನಾವು ಯಾವತ್ತಾದ್ರೂ ಬಿಚ್ಚಿ ನೋಡಿದೀವಾ?"

ಗಲ್ಲಾದಿಂದ ಬ್ಲೇಡು ತೆಗೆದೆ. ಬಾಗಿಲಲ್ಲಿದ್ದವರು "ಹೋ" ಎಂದು ಉಸಿರೆಳೆದುಕೊಂಡರು. ನನ್ನ ಅಂಗಡಿಗೆ ಬಂದ ಬಟ್ಟೆಗಳಲ್ಲೆಲ್ಲ ಉತ್ತಮವಾದದ್ದು ಅದು. ಒಳಗೆ ಏನೂ ಇಲ್ಲದಿದ್ದರೆ ಮಾರನೆಯ ದಿನ ಅಂಗಡಿಗೆ ಬೀಗ ಹಾಕಬೇಕಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಭುಜದ ಕೆಳಗೆ ಲೈನಿಂಗಿನ ಅಂಚು ಹಿಡಿದು ಒಂದೊಂದೇ ಹೊಲಿಗೆ ಕತ್ತರಿಸುತ್ತ ಹೋದೆ. ರೇಷ್ಮೆ ಜಾರಿತು.

ಭುಜದ ಹೊಲಿಗೆಯ ಒಳ ಅಂಚಿನ ಮೇಲೆ, ಅಕ್ಕಿಕಾಳಿನಷ್ಟು ಚಿಕ್ಕ ಅಕ್ಷರಗಳಲ್ಲಿ, ಒಂದಾದ ಮೇಲೊಂದರಂತೆ ತೋಳಿನ ತುದಿಯವರೆಗೂ ದುಗ್ಗಮ್ಮ ದುಗ್ಗಮ್ಮ ದುಗ್ಗಮ್ಮ ಎಂದಿತ್ತು.

ನಾನು ಲೈನಿಂಗ್ ಪೂರ್ತಿ ಬಿಚ್ಚಿದೆ. ಕಾಲರಿನಡಿ ಹಸೀನಾ. ಜೇಬಿನ ಸುತ್ತ ಸೆಲ್ವಿ, ಅದು ತಮಿಳಿನಲ್ಲಿತ್ತು, ಹೊಂಬಾಳಮ್ಮನೇ ಗುರುತು ಹಿಡಿದು ಹೇಳಿದಳು. ಬೆನ್ನಿನ ಉದ್ದಕ್ಕೂ ಚೌಡಮ್ಮ. ಗುಂಡಿಯ ಕಾಜಾಗಳ ಹಿಂದೆ ಭಾರತಿ. ಅವಳು ಬೆರಳಿಟ್ಟು ಹೇಳಿದ ಜಾಗದಲ್ಲೇ, ಅವಳು ಹೇಳಿದ ಹೆಸರೇ. ಗಿರಿಜಾಂಬ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಲು ಶುರು ಮಾಡಿದವರು, ಬೆನ್ನಿನ ಹತ್ತಿರ ಬರುವಾಗ ದನಿ ತಗ್ಗಿಸಿದರು. ಕೊನೆಗೆ ಹೊಂಬಾಳಮ್ಮನ ಕಡೆ ತಿರುಗಿ, "ನೀವು ಬುಟ್ಟಿ ಕೆಳಗಿಡಿ," ಎಂದರು. ಆ 'ನೀವು' ಕೇಳಿ ನನ್ನ 'ನೀನು' ನನಗೇ ಚುಚ್ಚಿತು. ನಾನೂ ಅಂದಿನಿಂದ ಅದನ್ನು ತಿದ್ದಿಕೊಂಡೆ.

"ಈಗ ಭುಜ ಯಾರು ಹಿಡಿಯೋದು?" ಎಂದು ಯಾರೋ ಹಿಂದಿನಿಂದ ಕೇಳಿದರು.

ಅಲ್ಲಿಯವರೆಗೂ ಸುಮ್ಮನಿದ್ದ ಹಂಸ ಬಾಯಿ ತೆರೆದಳು. "ಯಾರೂ ಹಿಡಿಯೋದು ಬೇಡ. ಹಿಡಿದ್ರೆ ದುಗ್ಗಮ್ಮನ ಹೆಸರು ಮಡಿಕೆ ಒಳಗೆ ಹೋಗತ್ತೆ. ನಾನು ಇದನ್ನ ಹೀಗೇ, ಒಳಗಿನದು ಹೊರಗೆ ಮಾಡಿ ಹಾಕ್ಕೋತೀನಿ."

"ಎಲ್ಲಾದ್ರೂ ಉಂಟೇನೇ? ನಿಮ್ಮತ್ತೆ ಮನೆಯವರು ಏನಂದ್ಕೋತಾರೆ?"

"ಓದ್ಕೋತಾರೆ ಬಿಡಮ್ಮ," ಎಂದಳು ಹುಡುಗಿ.

ಹಾಗೇ ಆಯಿತು. ಆರತಕ್ಷತೆಯಲ್ಲಿ ಹಂಸ ಕೋಟನ್ನು ಒಳಮೈ ಹೊರಗೆ ಮಾಡಿ ತೊಟ್ಟು ನಿಂತಳು. ಭುಜ ಎರಡು ಬೆರಳು ಇಳಿಬಿದ್ದಿತ್ತು. ಉಡುಗೊರೆ ಕೊಡಲು ಬಂದವರು ಅಕ್ಷತೆ ಹಾಕುವುದನ್ನು ಮರೆತು ತೋಳಿನ ಹತ್ತಿರ ಬಗ್ಗಿ ಓದುತ್ತಿದ್ದರು, ಸಾಲು ಬಾಗಿಲಾಚೆಗೂ ಹೋಗಿತ್ತು, ಊಟದ ಪಂಕ್ತಿ ತಡವಾಯಿತೆಂದು ಅಡುಗೆಯವರು ಗೊಣಗಿದರು. ಬೀಗರ ಕಡೆಯ ಒಬ್ಬ ಹಿರಿಯರಂತೂ ತಮ್ಮ ಶೇರ್ವಾನಿಯ ಅಂಚನ್ನು ಅಲ್ಲೇ ಹಲ್ಲಿನಿಂದ ಕಿತ್ತು ನೋಡಿದರು. ಮಾರನೆಯ ದಿನದಿಂದ ಬೀದಿಯಲ್ಲಿ ಬ್ಲೇಡಿಗೆ ಬರ ಬಂತು. ಬುಟ್ಟಿಯಲ್ಲಿ ಬಿದ್ದಿದ್ದ, ಓದಲು ಬಾರದ ಹೆಸರುಗಳ ಬಟ್ಟೆಗಳನ್ನು ನಾನು ಮೇಲೆತ್ತಿ ಹ್ಯಾಂಗರಿಗೆ ಹಾಕಿದೆ. ಓದಲು ಬಾರದಿರುವುದು ನಮ್ಮ ಕೊರತೆ, ಅವರದಲ್ಲ. ವ್ಯಾಪಾರ ಕುಗ್ಗಿತೇ ಎಂದು ಕೇಳುತ್ತೀರಾ? ಇಲ್ಲ. ಸೇತುವೆ ಬೀದಿಯಲ್ಲಿ ಈಗಲೂ ನನ್ನದೇ ಮೇಲು. ಯಾವ ಹೊಲಿಗೆ ಯಾರದೆಂದು ಹೇಳಬಲ್ಲ ಹೊಂಬಾಳಮ್ಮನವರು ನನ್ನ ಅಂಗಡಿಯಲ್ಲಿದ್ದಾರೆ, ಬೇರೆಯವರ ಹತ್ತಿರ ಯಾರಿದ್ದಾರೆ?

ಆದರೆ ನಾನು ಹೇಳಬೇಕೆಂದಿದ್ದು ಆರತಕ್ಷತೆಯ ಸಂಗತಿಯಲ್ಲ. ಆ ಗುರುವಾರ ಎಲ್ಲರೂ ಹೋದ ಮೇಲೆ, ನಾಲ್ಕು ಗಂಟೆಯ ಬಸ್ಸು ಖಾಲಿಯಾಗಿಯೇ ಹೊರಟು ಹೋದ ಮೇಲೆ, ಹೊಂಬಾಳಮ್ಮ ನನ್ನ ಫೋನು ಇಸಿದುಕೊಂಡು ಒಂದು ನಂಬರು ಒತ್ತಿದರು. ಕೋಟು ಅವರ ತೊಡೆಯ ಮೇಲಿತ್ತು. ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ನನಗೂ ಕೇಳುತ್ತಿತ್ತು.

"ದುಗ್ಗೀ, ನಾನ್ ಕನೆ, ಹೊಂಬಾಳಿ. ಒಂದ್ಸಲ ಈ ಊರ್ಗ್ ಬಾರೆ. ನಿನ್ ಹೆಸ್ರೈತೆ ಇಲ್ಲಿ."

"ನನ್ ಹೆಸ್ರಾ? ಎಲ್ಲೇ?"

"ಬಿಳೀ ಕೋಟು ನೆಪ್ಪೈತಾ, ಸೂಪರ್‌ವೈಸರು ಮೂರ್ ಸಲ ವಾಪಸ್ ಕೊಟ್ಟು ನಿನ್ನ ಅಳ್ಸಿದ್ನಲ್ಲ? ಅದ್ರ ಭುಜದಲ್ಲಿ. ತೋಳಿನುದ್ದಕ್ಕೂ."

ದುಗ್ಗಮ್ಮ ಕೇಳಿದರು, "ಯಾರೇ ಬರ್ದೋರು?"

ಹೊಂಬಾಳಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

"ನೀನೇ ಕನೆ," ಎಂದರು.